ಹರಿವಿಲ್ಲ

ನೆವಿಲ್‌ಗೆ ಫೋನ್ ಮಾಡುವ ಹೊತ್ತು ಮೀರುತ್ತಿತ್ತು. ಲೋರ್ನಾ ಇನ್ನೂ ಮಾಡಿರಲಿಲ್ಲ. ಫೋನು ಅಡುಗೆಮನೆಯ ಮೇಜಿನ ಮೇಲೆ ಮಾರ್ಮಲೇಡ್ ಬಾಟಲಿಗೆ ಒರಗಿಕೊಂಡು, ಏನಮ್ಮಾ, ಇವತ್ತು ನನ್ನ ನೆನಪಿಲ್ಲವೇ ಎನ್ನುವ ಹಾಗೆ ಕೂತಿತ್ತು. ಮಾಡದೇ ಇರುವುದು ತನ್ನ ತೀರ್ಮಾನವೋ ಬರೀ ಸೋಮಾರಿತನವೋ ಅವಳಿಗೇ ಬಗೆಹರಿದಿರಲಿಲ್ಲ. ನೀರಿನ ಮಾದರಿ ತೆಗೆಯಲು ಕಂಪನಿಯ ಕೊಳಚೆ ಶುದ್ಧೀಕರಣ ಘಟಕಕ್ಕೆ ಹೋಗುವ ದಿನ ಮುಂಚೆಯೇ ಒಂದು ಮಾತು ತಿಳಿಸುವುದು ಮರ್ಯಾದೆ. ನೆವಿಲ್ ಗೇಟಿನ ಬೀಗ ತೆಗೆಯಬೇಕು, ಕೆಟಲ್ ಇಡಬೇಕು, ಬಿಸ್ಕತ್ತಿನ ಡಬ್ಬಿ ಎಲ್ಲಿಟ್ಟೆನೆಂದು ಹುಡುಕಬೇಕು. ಹೇಳದೆ ಕೇಳದೆ ಒಬ್ಬರ ಬಾಗಿಲು ತಟ್ಟುವುದನ್ನು ಲೋರ್ನಾಳ ತಾಯಿ ಕಳ್ಳತನಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಇಟ್ಟಿದ್ದಳು. ಪಕ್ಕದ ಮನೆಗೆ ಬೆಂಕಿ ಬಿದ್ದರೂ ಮೊದಲು ಕೆಮ್ಮಿ ಆಮೇಲೆ ಹೇಳಬೇಕು ಎಂಬಂಥ ಮನೆ ಅದು. ಆ ಮನೆಯಲ್ಲೇ ಈಗ ಅಕ್ಕತಂಗಿಯರಿಬ್ಬರೂ ಇದ್ದರು. ಗಂಡನನ್ನು ಕಳೆದುಕೊಂಡ ಅಕ್ಕ ಮಾರ್ಗೋ, ಮದುವೆಯ ಗೋಜಿಗೇ ಹೋಗದ ತಂಗಿ ಲೋರ್ನಾ.

ಎದುರಿಗೆ ಮಾರ್ಗೋ ಈಜುಡುಗೆಯ ಮೇಲೆ ದೊಡ್ಡ ಉಣ್ಣೆಯ ನಿಲುವಂಗಿ ಹಾಕಿಕೊಂಡು ಟೋಸ್ಟ್ ಕಡಿಯುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಆ ನಿಲುವಂಗಿಯೊಳಗೆ ಇನ್ನೊಬ್ಬರಿಗೂ ಜಾಗವಾಗುವಷ್ಟು ಇಳಿದುಹೋಗಿದ್ದಳು. ರೇಡಿಯೋದಲ್ಲಿ ಮಂತ್ರಿ ಮಾತಾಡುತ್ತಿದ್ದ: ಜಲ ಕಂಪನಿಯನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುವ ಪ್ರಶ್ನೆ ಸದ್ಯಕ್ಕಿಲ್ಲ, ನಿಯಂತ್ರಣ ಇಲಾಖೆ ಎಲ್ಲವನ್ನೂ ಹತ್ತಿರದಿಂದ ಗಮನಿಸುತ್ತಿದೆ.

"ಕೇಳಿಸ್ಕೊಂಡ್ಯಾ? ನಿಮ್ಮೋರಿಗೆ ಇನ್ನೊಂದು ಅವಕಾಶವಂತೆ," ಮಾರ್ಗೋ ಎಂದಳು. "ಸಾಲದಲ್ಲಿ ಮೂಗಿನವರೆಗೆ ಮುಳುಗಿ ಕೂತಿದಾರೆ. ಈ ಪುಣ್ಯಾತ್ಮ ಬಂದು, ತಗೊಳ್ಳಿ, ಉಸಿರಾಡಿ ಅಂತ ಒಂದು ಹುಲ್ಲುಕಡ್ಡಿ ಕೊಟ್ಟು ಹೋಗ್ತಾನೆ."

"ನಮ್ಮೋರು ಅನ್ಬೇಡ. ನಾನು ಬರೀ ಬಾಟಲಿ ತುಂಬೋಳು."

"ಅದೇ ಮತ್ತೆ. ನೀನು ತುಂಬ್ತೀಯ ಅಂತ ತಾನೇ ನಾವೆಲ್ಲ ನೀರಿಗೆ ಇಳಿಯೋದು. ಇವತ್ತು ನದಿಗೆ ನನ್ನ ಮರುಪ್ರವೇಶ, ಗೊತ್ತಲ್ಲ? ನಮ್ಮ ಈಜು ಗುಂಪಿನ ಪ್ರು ಕೇಕ್ ಬೇರೆ ಮಾಡಿದಾಳೆ. ಅವಳ ಕೇಕ್ ತಿಂದು ಮುಳುಗದೇ ಇದ್ರೆ ಇನ್ನು ಯಾವುದಕ್ಕೂ ಮುಳುಗಲ್ಲ." ಮಾರ್ಗೋ ನಕ್ಕು, ನಗು ಮುಗಿಯುವ ಮುಂಚೆಯೇ ತಂಗಿಯ ಮುಖ ನೋಡಿದಳು. "ಚೆನ್ನಾಗಿದೆ ತಾನೇ ನೀರು?"

ಲೋರ್ನಾಳ ಬಾಯಿಯವರೆಗೂ ಮಾತು ಬಂದಿತ್ತು. ನಾಲಗೆಯ ಹಿಂದೆ ಅದರ ಭಾರ, ಅದರ ಬಿಸಿ ಎರಡೂ ಅವಳಿಗೆ ತಿಳಿದವು. ಮಾರ್ಗೋ ನೋಡುತ್ತಿದ್ದಳು. ನೋಡುತ್ತಿದ್ದಷ್ಟು ಹೊತ್ತೂ ಅದು ಅಲ್ಲೇ ನಿಂತಿತ್ತು. "ನೀರು ಸ್ವಚ್ಛ, ಈಜಬಹುದು ಅಂತ ದಡದಲ್ಲಿ ಫಲಕ ಹಾಕಿದಾರಲ್ಲ," ಎಂದಳು ಕೊನೆಗೆ. ಮಾರ್ಗೋ ಸಮಾಧಾನದಿಂದ ಇನ್ನೊಂದು ಟೋಸ್ಟಿಗೆ ಬೆಣ್ಣೆ ಸವರಿದಳು.

ವಸಂತದಲ್ಲಿ ಹೀಗೇ ಒಂದು ಬೆಳಗ್ಗೆ ಈಜಿ ಬಂದವಳು ರಾತ್ರಿಗೆ ನಡುಗತೊಡಗಿದ್ದಳು. ಮಾರನೆಯ ದಿನ ಬೆನ್ನು ಹಿಡಿದುಕೊಂಡು ಕಿರುಚಿದಳು. ಹುಟ್ಟಿನಿಂದಲೇ ಅವಳಿಗೆ ಇದ್ದದ್ದು ಒಂದೇ ಮೂತ್ರಪಿಂಡ, ಆ ಒಂದಕ್ಕೇ ನಂಜು ಏರಿತ್ತು. ಇನ್ನೊಂದು ಸಲ ಹೀಗಾದರೆ ನಾನು ಯಾವ ಮಾತೂ ಕೊಡಲಾರೆ ಎಂದಿದ್ದ ಡಾಕ್ಟರು, ನದಿಯಲ್ಲೇನಾದರೂ ಈಜಿದ್ದಿರಾ ಎಂದೂ ಕೇಳಿದ್ದ. "ನದಿಯಿಂದ ಅಲ್ಲ ಬಿಡಿ ಡಾಕ್ಟ್ರೇ," ಎಂದಿದ್ದಳು ಮಾರ್ಗೋ, ಬಾಡಿದ ತುಟಿಯಲ್ಲೇ ಜಂಬದಿಂದ, "ನದಿ ಪರೀಕ್ಷೆ ಮಾಡೋಳೇ ಇಲ್ಲಿ ನಿಂತಿದಾಳೆ, ನನ್ನ ತಂಗಿ." ಡಾಕ್ಟರು ತಿರುಗಿ ಗೌರವದಿಂದ ತಲೆಬಾಗಿಸಿದ್ದ. ಲೋರ್ನಾ ಅವನನ್ನಾಗಲಿ ಅಕ್ಕನನ್ನಾಗಲಿ ನೋಡದೆ ತೂಗುಹಾಕಿದ್ದ ಚೀಲದಿಂದ ಹನಿಹನಿಯಾಗಿ ಇಳಿಯುತ್ತಿದ್ದ ದ್ರವವನ್ನು ನೋಡುತ್ತ ನಿಂತಿದ್ದಳು. ಅವಳು ನೋಡುತ್ತಿದ್ದಂತೆ ಒಂದು ಹನಿ, ಬೀಳಬೇಕಾದದ್ದು, ಸ್ವಲ್ಪ ತಡಮಾಡಿತೆಂದು ಆಗಲೂ ಅನಿಸಿತ್ತು. ಆಯಾಸಕ್ಕೆ ಹಾಗೆಲ್ಲ ಕಾಣುತ್ತದೆ.

ಕಂಪನಿ ನದಿಗೆ ಬಿಡುವ ನೀರನ್ನು ಕಂಪನಿಯವರೇ ಪರೀಕ್ಷಿಸಿ ಸರ್ಕಾರಕ್ಕೆ ಹೇಳಬೇಕು, ಕಾನೂನೇ ಹಾಗಿದೆ. ಕಳ್ಳನ ಕೈಗೆ ಬೀಗದ ಕೈ ಎಂದು ಅಂಚೆ ಕಚೇರಿಯ ಸರದಿಯಲ್ಲಿ ಯಾರೋ ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ಆವತ್ತಿನಿಂದ ಅವಳು ಅಂಗಡಿಗೆ ಹೋಗುವಾಗ ಕೋಟಿನ ಮೇಲಿನ ಕಂಪನಿಯ ಬಿಲ್ಲೆಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಆದರೂ ಚರ್ಚಿನ ಹಾಡಿನ ಗುಂಪಿನಲ್ಲಿ ಅವಳ ಪಕ್ಕ ನಿಲ್ಲುತ್ತಿದ್ದ ಹೆಂಗಸು ಒಂದು ಭಾನುವಾರ, ತೀರ ಸಹಜವೆಂಬಂತೆ, ಅರ್ಧ ಹೆಜ್ಜೆ ಸರಿದು ನಿಂತಳು. ಮನೆಗೆ ಬಂದು ಲೋರ್ನಾ ಕೋಟಿನ ತೋಳನ್ನು ಮೂಗಿಗೆ ಹಿಡಿದು ನೋಡಿಕೊಂಡಿದ್ದಳು. ನನ್ನ ಕೈಗೆ ಬಂದ ಬಾಟಲಿಗಳೆಲ್ಲ ಸ್ವಚ್ಛ, ನಾನು ಒಂದಕ್ಕೂ ಸುಳ್ಳು ಬರೆದಿಲ್ಲ ಎಂದು ಕನ್ನಡಿಯ ಮುಂದೆ ಹೇಳಿಕೊಂಡದ್ದೂ ಉಂಟು. ನಿಜವೇ. ಅವಳು ಬರೆಯುತ್ತಿದ್ದದ್ದು ಒಂದೇ ಮಾತು. ಅವಳು ಹೋದಾಗಲೆಲ್ಲ ಘಟಕದಿಂದ ನದಿಗೆ ಚಾಚಿದ ಕೊಳವೆಯಿಂದ ನೀರು ಬರುತ್ತಿರಲಿಲ್ಲ. ಬರದಿದ್ದರೆ ಮಾದರಿ ಇಲ್ಲ. ಮಾದರಿ ಇಲ್ಲದ ದಿನ 'ಹರಿವಿಲ್ಲ' ಎಂದು ಬರೆಯಬೇಕು. ಹರಿವಿಲ್ಲವೆಂದರೆ ತಪ್ಪಿಲ್ಲ, ತಪ್ಪಿಲ್ಲವೆಂದರೆ ತೇರ್ಗಡೆ. ಹೋದ ಸಲ ಹರಿವಿರಲಿಲ್ಲ. ಅದರ ಹಿಂದಿನ ಸಲವೂ. ಹಾಗೆ ಹಿಂದೆ ಹಿಂದೆ ಹೋದರೆ ಆ ಕೊಳವೆಯಿಂದ ನೀರು ಬಿದ್ದದ್ದನ್ನು ತಾನು ಯಾವತ್ತಾದರೂ ಕಣ್ಣಾರೆ ಕಂಡಿದ್ದೇನೆಯೇ ಎಂಬಲ್ಲಿಗೆ ಅವಳ ನೆನಪು ಬಂದು ಮುಗ್ಗರಿಸುತ್ತಿತ್ತು. ಊರಿಗೆ ಊರೇ ದಿನಾ ಬೆಳಗ್ಗೆ ಎದ್ದು ಶೌಚಕ್ಕೆ ಹೋಗುತ್ತದೆ, ಮೀಯುತ್ತದೆ, ಪಾತ್ರೆ ತೊಳೆಯುತ್ತದೆ. ಅದೆಲ್ಲ ಎಲ್ಲಿ ಹೋಗುತ್ತದೆ? ಹೊಸ ತೊಟ್ಟಿ ಕಟ್ಟಿಸುತ್ತೇವೆಂದು ಕಂಪನಿ ಹೇಳುತ್ತಲೇ ಇತ್ತು. ಬಂದ ದುಡ್ಡು ಹಳೆಯ ಸಾಲದ ಬಡ್ಡಿಗೆ ಸಾಲದೆ, ತೊಟ್ಟಿಯ ಜಾಗದಲ್ಲಿ ತುರಿಕೆಸೊಪ್ಪು ಆಳೆತ್ತರ ಬೆಳೆದಿತ್ತು.

ಫೋನನ್ನು ಮೇಜಿನ ಮೇಲೇ ಬಿಟ್ಟು ಹೊರಟಳು.

ಘಟಕದ ಗೇಟಿಗೆ ಹೋಗಲಿಲ್ಲ. ಚರ್ಚಿನ ಹಿಂದಿನ ಓಣಿಯಲ್ಲಿ ಕಾರು ನಿಲ್ಲಿಸಿ, ಬಾಟಲಿಗಳ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಬೇಲಿ ದಾಟುವ ಮರದ ಮೆಟ್ಟಿಲು ಹತ್ತಿ ಇಳಿದು ಹೊಲದ ಅಂಚಿನ ಕಾಲುದಾರಿ ಹಿಡಿದಳು. ಮಳೆಯಾಗಿ ವಾರಗಳೇ ಕಳೆದಿದ್ದವು. ಮಳೆ ಬಂದು ತೊಟ್ಟಿ ಉಕ್ಕಿದರೆ ಮಾತ್ರ ಹಸಿ ಕೊಳಚೆಯನ್ನು ನದಿಗೆ ಬಿಡಬಹುದು, ಒಣ ದಿನದಲ್ಲಿ ಬಿಟ್ಟರೆ ಅಪರಾಧ. ನೆಲ ಬಿರುಕು ಬಿಟ್ಟಿತ್ತು. ಹಸುಗಳು ಒಂದೇ ದಿಕ್ಕಿಗೆ ಮುಖಮಾಡಿ ನಿಂತಿದ್ದವು, ನದಿಗೆ ಬೆನ್ನು ಹಾಕಿ. ಯಾವುದೂ ಮೇಯುತ್ತಿರಲಿಲ್ಲ. ತನ್ನ ಬೂಟಿನ ಸದ್ದು ತನಗೇ ಹೆಚ್ಚೆನಿಸಿ ಅವಳು ಹುಲ್ಲಿನ ಮೇಲೆ ನಡೆಯತೊಡಗಿದಳು. ಹಾಗೆ ನಡೆಯುತ್ತ, ವಿಲೋ ಮರಗಳ ತಿರುವಿಗೆ ಇನ್ನೂ ಒಂದು ಹೊಲದಷ್ಟು ದೂರ ಇರುವಾಗ, ಕೇಳಿಸಿತು. ಮೊದಲು ಗಾಳಿಯೆಂದುಕೊಂಡಳು. ಗಾಳಿ ಇರಲಿಲ್ಲ. ಯಾರೋ ತುಂಬ ದೊಡ್ಡವರು ನಿದ್ದೆಗಣ್ಣಿನಲ್ಲಿ ಗುಟುಕು ಗುಟುಕಾಗಿ ನುಂಗುತ್ತಿದ್ದ ಹಾಗೆ, ನುಂಗಿ ಉಸಿರು ಬಿಟ್ಟು ಮತ್ತೆ ನುಂಗುತ್ತಿದ್ದ ಹಾಗೆ. ಅವಳ ಎದೆ ಹೊಡೆದುಕೊಂಡಿತು, ಹೆದರಿಕೆಗಲ್ಲ, ಒಂದು ಥರದ ಸಂತೋಷಕ್ಕೆ: ಇದೆ, ಹರಿವಿದೆ. ಓಡಿದರೆ ಬಾಟಲಿಗಳು ಸದ್ದು ಮಾಡುತ್ತವೆಂದು ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು ತಿರುವು ದಾಟಿದಳು.

ನಿಂತುಹೋಯಿತು.

ಕಡಿಮೆಯಾಗುತ್ತ ಬಂದು ನಿಂತದ್ದಲ್ಲ. ಯಾರ ಬಗ್ಗೆ ಮಾತಾಡುತ್ತಿದ್ದರೋ ಅವಳೇ ಕೋಣೆಯೊಳಗೆ ಕಾಲಿಟ್ಟಾಗ ಮಾತು ನಿಲ್ಲುತ್ತದಲ್ಲ, ಹಾಗೆ. ದಡದ ಕಾಂಕ್ರೀಟಿನಿಂದ ಚಾಚಿದ ಕೊಳವೆಯ ಬಾಯಿ ಕಪ್ಪಗೆ, ದುಂಡಗೆ, ಏನೂ ಅರಿಯದ ಹಾಗೆ ತೆರೆದುಕೊಂಡಿತ್ತು. ಕೆಳಗಿನ ಕಲ್ಲುಗಳು ಒದ್ದೆ. ವಿಲೋದ ತಗ್ಗಿನ ಕೊಂಬೆಗಳಲ್ಲಿ ಶೌಚಾಲಯದ ಒರೆಸುವ ಕಾಗದದ ಚೂರುಗಳು ಬೂದುಬಣ್ಣದ ಎಲೆಗಳಾಗಿ ಜೋತುಬಿದ್ದು, ಗಾಳಿಯಿಲ್ಲದೆಯೂ ಇನ್ನೂ ತೂಗುತ್ತಿದ್ದವು. ವಾಸನೆ ಗಾಳಿಯಲ್ಲಿ ನಿಂತೇ ಇತ್ತು. ಅವಳು ಬಗ್ಗಿ ನೋಡಿದಳು. ಕೊಳವೆಯ ಕೆಳತುಟಿಯಲ್ಲಿ ಒಂದು ಹನಿ ತುಂಬಿ, ಉದ್ದವಾಗಿ, ಬೀಳಲು ಸಿದ್ಧವಾಗಿ ನಿಂತಿತ್ತು. ಅವಳು ಕಾದಳು. ಹನಿಯೂ ಕಾಯಿತು.

ಚಿಕ್ಕವರಿದ್ದಾಗ 'ಅಜ್ಜಿಯ ಹೆಜ್ಜೆ' ಆಟದಲ್ಲಿ ಮಾರ್ಗೋಳೇ ಯಾವಾಗಲೂ ಅಜ್ಜಿ. ಅವಳು ಗೋಡೆಗೆ ಮುಖಮಾಡಿ ನಿಂತಿರುವಾಗ ಉಳಿದವರು ಹಿಂದಿನಿಂದ ಕಳ್ಳಹೆಜ್ಜೆ ಇಡುತ್ತ ಬರಬೇಕು, ಅವಳು ತಿರುಗಿದ ಕೂಡಲೇ ಕಲ್ಲಾಗಬೇಕು. ಅಲುಗಾಡಿದವರು ಔಟು. ಲೋರ್ನಾ ಒಂದು ಸಲವೂ ಔಟಾದವಳಲ್ಲ. ಉಸಿರೂ ಕಟ್ಟಿ ನಿಲ್ಲುತ್ತಿದ್ದಳು, ಇವಳು ಮಗುವೋ ಗೂಟವೋ ಎಂದು ತಾಯಿ ನಗುತ್ತಿದ್ದಳು. ಲೋರ್ನಾ ಈಗ ಹಿಂದೆ ಸರಿದಳು, ಒಂದೊಂದೇ ಹೆಜ್ಜೆ, ಕೊಳವೆಯಿಂದ ಕಣ್ಣು ತೆಗೆಯದೆ. ಮರಗಳ ಮರೆಗೆ ಬಂದಳೋ ಇಲ್ಲವೋ, ಆಚೆ ಗುಟುಕು ಶುರುವಾಯಿತು. ಮುಂದೆ ಬಂದಳು: ಮೌನ. ಹಿಂದೆ ಹೋದಳು: ಗುಟುಕು. ಯಾರಾದರೂ ನೋಡುತ್ತಿದ್ದರೆ, ಐವತ್ತು ದಾಟಿದ ಹೆಂಗಸು ಹೊಲದ ಮೂಲೆಯಲ್ಲಿ ಒಬ್ಬಳೇ ನಾಟ್ಯವಾಡುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಆ ಯೋಚನೆ ಬಂದದ್ದೇ ಅವಳಿಗೆ ಅಲ್ಲಿ ಯಾರೋ ನೋಡುತ್ತಿರುವುದು ಖಚಿತವಾಯಿತು.

"ಫೋನ್ ಮಾಡ್ಲಿಲ್ವಲ್ಲ ಕಣಮ್ಮಾ!"

ಘಟಕದ ಬೇಲಿಯ ಚಿಕ್ಕ ಬಾಗಿಲಿನಿಂದ ನೆವಿಲ್ ಕಬ್ಬಿಣದ ಮೆಟ್ಟಿಲಿಳಿದು ಬರುತ್ತಿದ್ದ. ಒಂದು ಕೈಯಲ್ಲಿ ಎರಡು ಮಗ್ಗು, ಇನ್ನೊಂದು ಕೈ ಮೆಟ್ಟಿಲಿನ ಕಂಬಿಯ ಮೇಲೆ. ಘಟಕಕ್ಕೆಲ್ಲ ಅವನೊಬ್ಬನೇ ಮೇಲ್ವಿಚಾರಕ, ಅವನೊಬ್ಬನೇ ಕೆಲಸಗಾರ. ಜೊತೆಗಿದ್ದವರನ್ನು ಕಂಪನಿ ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸಿತ್ತು. ಅವನ ದುಂಡು ಮುಖದಲ್ಲಿ ಬೇಸರವಿರಲಿಲ್ಲ, ನೆಂಟರು ಹೇಳದೆ ಬಂದಾಗಿನ ಮುಜುಗರವಷ್ಟೇ ಇತ್ತು. "ಬಿಸ್ಕತ್ತು ಖಾಲಿ. ಹೇಳಿದ್ರೆ ತರಿಸ್ತಿದ್ದೆ."

"ನಾನು ಬಂದಿದ್ದು ನಿಂಗೆ ಹೇಗೆ ಗೊತ್ತಾಯ್ತು?"

"ಅದು ನಿಂತ್ಹೋಯ್ತಲ್ಲ," ಎಂದ ಅವನು, ಕೊಳವೆಯ ಕಡೆ ಗಲ್ಲ ತೋರಿಸಿ. "ಅದು ನಿಂತ ಕೂಡ್ಲೇ ನಾನು ಕೆಟಲ್ ಇಡ್ತೀನಿ."

"ನೀನು ನಿಲ್ಲಿಸ್ತೀಯ ನೆವಿಲ್. ನಾನು ಫೋನ್ ಮಾಡ್ತೀನಿ, ನೀನು ನಿಲ್ಲಿಸ್ತೀಯ." ಇಷ್ಟು ವರ್ಷ ತನಗೆ ಗೊತ್ತಿತ್ತೆಂಬುದು ಅವಳಿಗೆ ತಿಳಿದದ್ದೇ ಆ ಮಾತು ಬಾಯಿಂದ ಬಿದ್ದ ಮೇಲೆ.

ನೆವಿಲ್ ಒಂದು ಮಗ್ಗನ್ನು ಅವಳ ಕೈಗಿಟ್ಟು, ತನ್ನದನ್ನು ಊದಿ ಊದಿ ಒಂದು ಗುಟುಕು ಕುಡಿದ. "ಮೊದಮೊದಲು ನಾನೇ ನಿಲ್ಲಿಸ್ತಿದ್ದೆ, ಸುಳ್ಳ್ಯಾಕೆ ಹೇಳ್ಲಿ. ಮೇಲಿಂದ ಹಾಗೆ ಹೇಳಿದ್ರು. ಲೋರ್ನಾ ಫೋನ್ ಬಂತಾ, ತೂಬು ಹಾಕು. ಅವಳ ಕಾರು ಹೋಯ್ತಾ, ತೆಗಿ. ಆಮೇಲೆ ಒಂದಿನ ಮರ್ತೇಬಿಟ್ಟೆ ಮಾರಾಯ್ತಿ. ಹಲ್ಲುನೋವು ಬೇರೆ. ನೀನು ಕೆಳಗಿಳಿದು ಹೋಗ್ತಾ ಇದೀಯ, ಮೇಲೆ ತೂಬು ಪೂರ್ತಿ ತೆರೆದಿದೆ. ಕೆಲ್ಸ ಹೋಯ್ತು ಅಂತ ಓಡಿ ಬಂದು ನೋಡ್ತೀನಿ, ನೀನು ಹರಿವಿಲ್ಲ ಅಂತ ಬರೀತಾ ನಿಂತಿದೀಯ." ಅವನು ಧ್ವನಿ ತಗ್ಗಿಸಿದ, ಕೊಳವೆಗೆ ಕೇಳಿಸಬಾರದೆಂಬಂತೆ. "ಆವತ್ತಿಂದ ನಾನು ತೂಬು ಮುಟ್ಟಿಲ್ಲ ಕಣೇ. ಕಲ್ತುಬಿಟ್ಟಿದೆ. ನಾಯಿಗಳು ಕಲಿಯಲ್ವಾ, ಯಜಮಾನ್ರ ಕಾರಿನ ಸದ್ದು, ಹಾಗೆ."

"ಕೊಳವೆ ಕಲಿಯಲ್ಲ ನೆವಿಲ್."

"ಹಾಗಂತ ನೀನೇ ಅದಕ್ಕೆ ಹೇಳು."

ಚಹಾ ಸಕ್ಕರೆ ಹೆಚ್ಚಾಗಿ, ಬಿಸಿಯಾಗಿ, ಚೆನ್ನಾಗಿತ್ತು. ಅದು ಚೆನ್ನಾಗಿದೆಯೆಂದು ಅನಿಸಿದ್ದಕ್ಕೆ ಲೋರ್ನಾಳಿಗೆ ನಾಚಿಕೆಯಾಯಿತು. ಕೆಳಗಡೆ, ನದಿಯ ಮುಂದಿನ ಬಾಗಿನಿಂದ, ಹೆಂಗಸರ ಕೂಗು ಕೇಳಿಸಿತು. 'ನೀಲಿ ಮೊಣಕಾಲುಗಳು' ಎಂದು ತಮಗೆ ತಾವೇ ಹೆಸರಿಟ್ಟುಕೊಂಡ ಈಜುಗಾರ್ತಿಯರ ಗುಂಪು ಬಂದಿತ್ತು. ಸೆಪ್ಟೆಂಬರಿನ ನೀರಿಗೆ ಕಾಲಿಟ್ಟವರ ಕಿರುಚಾಟ, ಅದನ್ನು ಕೇಳಿ ನಕ್ಕವರ ನಗು. ಅದರಲ್ಲಿ ಮಾರ್ಗೋಳ ಧ್ವನಿ ಬೇರೆಯಾಗಿ ಕೇಳುತ್ತಿತ್ತು: "ಅಯ್ಯಯ್ಯೋ, ಪ್ರು, ನೂಕ್ಬೇಡ್ವೇ!" ಹೋಗಬೇಕು. ಓಡಿಹೋಗಿ ದಡದಲ್ಲಿ ನಿಂತು ಏಳು ಮೇಲೆ ಎನ್ನಬೇಕು. ಆದರೆ ಇಲ್ಲಿಂದ ಹೊರಟಳೆಂದರೆ, ಅವಳು ಆ ಬಾಗು ಮುಟ್ಟುವ ಮುಂಚೆ ಇದು ಬಾಯಿ ಬಿಡುತ್ತದೆ. ಇಷ್ಟು ಹೊತ್ತು ಹಿಡಿದಿಟ್ಟದ್ದನ್ನೆಲ್ಲ ಒಟ್ಟಿಗೇ ಬಿಡುತ್ತದೆ. ಅವಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕೊಳವೆಯ ಎದುರಿಗೇ, ಅದರ ಬಾಯಿಗೆ ಮುಖಮಾಡಿ ಕೂತಳು.

"ಏನ್ ಮಾಡ್ತಿದೀಯ?"

"ಕೂತಿದೀನಿ. ಅವರು ಈಜಿ ಮುಗಿಸೋವರೆಗೂ."

"ಆಮೇಲೆ? ನಾಳೆ?" ನೆವಿಲ್ ತಲೆ ಕೆರೆದುಕೊಂಡ. "ಮೇಲೆ ತೊಟ್ಟಿ ಅಂಚಿಗೆ ಬಂದಿದೆ ತಾಯಿ. ನೀನು ಹೀಗೆ ಕಾವಲು ಕೂತ್ರೆ ಅದು ನನ್ನ ಕೋಣೆಗೇ ಬರತ್ತೆ." ಅವನು ಸ್ವಲ್ಪ ಹೊತ್ತು ನಿಂತು, ಅವಳ ಮಗ್ಗು ಖಾಲಿಯಾಗಿದೆಯೇ ಎಂದು ಇಣುಕಿ ನೋಡಿ, ಮೆಟ್ಟಿಲು ಹತ್ತಿ ಹೋದ. ಮೇಲೆಲ್ಲೋ ಕಚೇರಿಯ ಫೋನು ಬಡಿದುಕೊಳ್ಳುತ್ತಿತ್ತು.

ಅವಳು ಕೊಳವೆಯನ್ನು ನೋಡುತ್ತ ಕೂತಳು, ಕೊಳವೆ ಅವಳನ್ನು. ನದಿ ಅವಳ ಬೂಟಿನ ಪಕ್ಕದಲ್ಲಿ ತೆಳ್ಳಗೆ ಹರಿಯುತ್ತಿತ್ತು. ಕೂತಷ್ಟೂ ತಿಳಿಯಾಗುತ್ತಿತ್ತು, ತಳದ ಉರುಟುಕಲ್ಲುಗಳು ಒಂದೊಂದಾಗಿ ಕಾಣಿಸಿಕೊಂಡವು. ಬಹಳ ದಿನಗಳ ಮೇಲೆ ತಾನು ಒಂದು ಕೆಲಸಕ್ಕೆ ಬಂದೆ ಎನಿಸಿತು. ದಿನಾ ಬಂದು ಕೂರಬಹುದು. ಒಂದು ಮಡಚುಕುರ್ಚಿ, ಮಳೆಗೆ ಕೊಡೆ. ಸಂಬಳಕ್ಕೆ ಇದಕ್ಕಿಂತ ನ್ಯಾಯವಾದ ಕೆಲಸ ತಾನು ಮಾಡಿಲ್ಲ. ಆದರೆ ಹಾಗೆ ನೋಡುತ್ತ ನೋಡುತ್ತ ಆ ಕತ್ತಲೆಯ ಒಳಗೆ, ಬಹಳ ಒಳಗೆ, ಯಾವುದೋ ಒತ್ತಿಕೊಂಡು ನಿಂತಿರುವುದು ಅವಳಿಗೆ ಗೊತ್ತಾಗತೊಡಗಿತು. ಅಲ್ಲಿಂದ ಅವಳ ಮುಖಕ್ಕೆ ತೆಳುವಾದ ಬಿಸಿ ಬಡಿಯುತ್ತಿತ್ತು. ಊರಿನ ಎಲ್ಲ ಬಚ್ಚಲುಗಳೂ ಎಲ್ಲ ಅಡುಗೆಮನೆಗಳೂ ಅಲ್ಲಿ ಉಸಿರುಕಟ್ಟಿ ಸಾಲುಗಟ್ಟಿ ನಿಂತಿದ್ದವು. ಅವಳ ಮನೆಯ ಬಚ್ಚಲೂ, ಅಕ್ಕ ಬೆಳಗ್ಗೆ ತೊಳೆದ ಚಹಾದ ಲೋಟಗಳ ನೀರೂ ಅಲ್ಲೇ ಇದ್ದವು. ಎಲ್ಲರೂ ಎಷ್ಟು ಮರ್ಯಾದಸ್ಥರು, ಅವಳು ಎದ್ದುಹೋಗಲಿ ಎಂದು ಕಾಯುತ್ತಿದ್ದಾರೆ.

"ಲೋರ್ನಾ! ನೀನೇನೇ ಇಲ್ಲಿ?"

ನೀರಿನಲ್ಲಿ ಮಾರ್ಗೋಳ ತಲೆ, ಕೆಂಪು ಟೋಪಿ. ಬಾಗು ದಾಟಿ ಹರಿವಿಗೆದುರಾಗಿ ಈಜುತ್ತ ಬಂದಿದ್ದಳು. ಇಷ್ಟು ದೂರ ಆ ಗುಂಪಿನ ಯಾರೂ ಬಂದದ್ದಿಲ್ಲ. "ನೀರು ನೋಡೇ, ಕನ್ನಡಿ! ಹಿಂದೆಂದೂ ಹೀಗಿರ್ಲಿಲ್ಲ. ತಳ ಕಾಣ್ತಿದೆ ಅಂತ ನೋಡ್ತಾ ನೋಡ್ತಾ ಬಂದ್ಬಿಟ್ಟೆ." ಏದುಸಿರು ಬಿಡುತ್ತ, ಸುಧಾರಿಸಿಕೊಳ್ಳಲೆಂದು ಹಿಡಿಯಲು ಏನಾದರೂ ಹುಡುಕಿ, ಕೈಚಾಚಿ ಕೊಳವೆಯ ತುಟಿಯನ್ನು ಹಿಡಿದುಕೊಂಡಳು. ಅವಳ ಮುಖ ಆ ಕಪ್ಪು ಬಾಯಿಗೆ ಒಂದು ಗೇಣು ಕೆಳಗಿತ್ತು. "ಥೂ, ಏನಿದು ವಾಸನೆ? ಬೆಚ್ಚಗಿದೆ ಇದು."

ಲೋರ್ನಾ ಕಣ್ಣು ಮಿಟುಕಿಸಲಿಲ್ಲ. "ಮೇಲೆ ಬಾ ಮಾರ್ಗೋ."

"ತಾಳೇ, ಉಸಿರು—"

"ಮೇಲೆ ಬಾ. ನಾನು ನೋಡ್ತಿರೋದಕ್ಕೆ ಅದು ನಿಂತಿದೆ. ಯಾವಾಗ್ಲೂ ಬಿಡ್ತಾರೆ. ದಿನಾ. ನಾನು ಬಂದಾಗ ಮಾತ್ರ ಇರಲ್ಲ." ಮಾತು ಬರುತ್ತಿತ್ತು, ತಡೆತಡೆದು, ಉಂಡೆಯುಂಡೆಯಾಗಿ. ಅದು ನಿಲ್ಲದ ಹಾಗೆ ಅವಳು ಅಕ್ಕನ ಮುಖ ನೋಡದೆ ಕೊಳವೆಯನ್ನೇ ನೋಡುತ್ತ ಆಡಿದಳು. "ನಿಂಗೆ ವಸಂತದಲ್ಲಿ ಆಗಿದ್ದು ಇದರಿಂದಲೇ. ಆ ಫಲಕ ನನ್ನಿಂದ. ನಾನು ಒಂದು ಬಾಟಲಿನೂ ತುಂಬಿಲ್ಲ ಮಾರ್ಗೋ, ಒಂದೂ."

ಮಾರ್ಗೋ ಕೊಳವೆಯಿಂದ ಕೈ ತೆಗೆದಳು. ಒಂದು ಕ್ಷಣ ನದಿಯ ನಡುವೆ ಸುಮ್ಮನೆ ತೇಲುತ್ತ ತಂಗಿಯನ್ನು ನೋಡಿದಳು, ಪರಿಚಯವಿರಬೇಕಲ್ಲ ಇವರದು ಎಂದು ಬೀದಿಯಲ್ಲಿ ಯಾರನ್ನೋ ನೋಡುವಂತೆ. ಆಮೇಲೆ ಕೈ ಚಾಚಿದಳು. ಲೋರ್ನಾ ಕಣ್ಣನ್ನು ಕೊಳವೆಯಲ್ಲೇ ನೆಟ್ಟು, ಕುರುಡಿಯಂತೆ ತಡಕಿ ಆ ತಣ್ಣನೆಯ ಕೈಯನ್ನು ಹಿಡಿದೆಳೆದಳು. ಮಾರ್ಗೋ ಕೆಸರಿನಲ್ಲಿ ಮೊಣಕಾಲೂರಿ ದಡ ಹತ್ತಿ ಕೂತಳು. ನೀರು ಸುರಿಸುತ್ತ, ಚಳಿಗೆ ಹಲ್ಲು ಕಟಕಟಿಸುತ್ತ, ಟೋಪಿ ಕಿತ್ತು ಮಡಿಲಿಗೆ ಹಾಕಿಕೊಂಡಳು. ಕೆಳಗಿನ ಬಾಗಿನಲ್ಲಿ ಪ್ರು ಯಾರನ್ನೋ ಕರೆದು ಕೇಕ್ ತಿನ್ನಲು ಬನ್ನಿ ಎನ್ನುತ್ತಿದ್ದಳು. ಒಬ್ಬೊಬ್ಬರಾಗಿ ನೀರು ಬಿಟ್ಟು ಮೇಲೇಳುತ್ತಿದ್ದ ಸದ್ದು ಕೇಳಿಸಿತು.

"ನೀನು ನೋಡ್ತಿದ್ರೆ ಬರಲ್ಲ," ಎಂದಳು ಮಾರ್ಗೋ ಕೊನೆಗೆ, ನಗುವಿಲ್ಲದ ಧ್ವನಿಯಲ್ಲಿ.

"ಬರಲ್ಲ."

"ಹಾಗಾದ್ರೆ ಕಣ್ಣು ಮುಚ್ಚು."

"ಹುಚ್ಚಾ ನಿಂಗೆ?"

"ಅವರೆಲ್ಲ ಮೇಲೆ ಬಂದ್ರು. ನಾನೂ ಇಲ್ಲಿದೀನಿ. ಬಾಟಲಿ ತಗೊಂಡು ಕಣ್ಣು ಮುಚ್ಚೇ. ನಾನು ನೋಡ್ತೀನಿ."

ಲೋರ್ನಾ ತಡಕಿ ಪೆಟ್ಟಿಗೆಯಿಂದ ಒಂದು ಬಾಟಲಿ ತೆಗೆದಳು. ಮುಚ್ಚಳ ತಿರುಗಿಸುವಾಗ ಅದು ಕೈಜಾರಿ ಕೆಸರಿಗೆ ಬಿತ್ತು. ಮಾರ್ಗೋ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡಳು. ಕಾಂಕ್ರೀಟಿನ ಮೇಲೆ ಮಂಡಿಯೂರಿ ಲೋರ್ನಾ ತೋಳನ್ನು ಪೂರ್ತಿ ಚಾಚಿ ಬಾಟಲಿಯನ್ನು ಕೊಳವೆಯ ತುಟಿಗೆ ತಾಗಿಸಿ ಹಿಡಿದಳು, ಮುಖವನ್ನು ಪಕ್ಕಕ್ಕೆ ತಿರುಗಿಸಿದಳು, ಕಣ್ಣು ಮುಚ್ಚಿದಳು. ಮುಚ್ಚುವುದು ಅವಳಿಗೆ ಎಷ್ಟು ಸಲೀಸಾಗಿತ್ತೆಂದರೆ ಅದಕ್ಕೇ ಹೆದರಿಕೆಯಾಯಿತು. ಮೊದಲು ಏನೂ ಇಲ್ಲ. ನದಿಯ ಸದ್ದು, ಅಕ್ಕನ ಹಲ್ಲಿನ ಸದ್ದು. ಆಮೇಲೆ ಬಹಳ ದೂರದಲ್ಲಿ, ಊರಿನ ಬುಡದಲ್ಲೆಲ್ಲೋ, ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ಬಿಸಿ ಅವಳ ಮಣಿಕಟ್ಟಿಗೆ ಮೊದಲು ಬಂತು. ಭಾರ ಆಮೇಲೆ ಬಂತು. ಬಾಟಲಿ ಕೈಯಲ್ಲಿ ಒಮ್ಮೆ ಅದುರಿ, ಬೆಚ್ಚಗಾಗಿ, ತೂಗತೊಡಗಿತು. ಬೆರಳ ಸಂದಿನಲ್ಲಿ ಮೆತ್ತಗಿನದೇನೋ ಜಾರಿತು. ಪಕ್ಕದಲ್ಲಿ ಮಾರ್ಗೋಳ ಹಲ್ಲಿನ ಸದ್ದು ನಿಂತುಹೋಗಿತ್ತು.

"ಬರ್ತಿದೆಯಾ?" ಲೋರ್ನಾ ಕೇಳಿದಳು. "ಮಾರ್ಗೋ? ಏನು ಬಣ್ಣ?"

ಗುಟುಕು, ಗುಟುಕು. ಅವಳ ರೆಪ್ಪೆಗಳು ತಾವಾಗಿ ಅದುರಿದವು. ಒದ್ದೆಯಾದ, ತಣ್ಣನೆಯ ಒಂದು ಅಂಗೈ ಬಂದು ಅವುಗಳ ಮೇಲೆ ಕೂತಿತು.

"ತೆರೀಬೇಡ ಕಣೇ," ಎಂದಳು ಮಾರ್ಗೋ. "ಇನ್ನೂ ತುಂಬಿಲ್ಲ."